ಗೆದ್ದೆಲೆಯ ಮೇಲೆ ತುರುಪು

ಯುಗಾದಿಯ ಮಾರನೆಯ ದಿನ ನಮ್ಮ ಕಡೆ ಇಸ್ಪೀಟು ಮುಟ್ಟದ ಗಂಡಸು ಇದ್ದಾನೆ ಅಂದರೆ ಅವನಿಗೆ ಜ್ವರ ಬಂದಿರಬೇಕು. ವರ್ಷವೆಲ್ಲ ಜೂಜು ಅಂದರೆ ಮೂಗು ಮುರಿಯುವ ನಮ್ಮ ಯಜಮಾನರು ಕೂಡ ಆವತ್ತು ಕೊಳ್ಳೇಗಾಲದ ನಮ್ಮ ಮನೆ ಪಡಸಾಲೆಯಲ್ಲಿ ಜಮಖಾನ ಹಾಸಿ ಪಂದ್ಯ ಇಡುತ್ತಿದ್ದರು. ಕಾಸು ಕಟ್ಟುವ ಹಾಗಿಲ್ಲ, ಬರೀ ಹುಣಸೆಬೀಜ. ಕೊನೆಗೆ ಗೆದ್ದ ಜೋಡಿಗೆ ಒಂದು ತೆಂಗಿನಕಾಯಿ, ಒಂದಚ್ಚು ಬೆಲ್ಲ. ಆ ಬೆಲ್ಲಕ್ಕೆ ಎಂಥೆಂಥ ದೊಡ್ಡ ಮನುಷ್ಯರು ಚಿಕ್ಕ ಮಕ್ಕಳ ಹಾಗೆ ಕಿತ್ತಾಡುತ್ತಿದ್ದರು ಅಂತೀರಿ! ಒಳಗೆ ಹೋಳಿಗೆ ಬಿಸಿ ಮಾಡಿ ಮಾಡಿ ನನ್ನ ಸೊಂಟ ಬಿದ್ದುಹೋಗುತ್ತಿತ್ತು, ಅದನ್ನ ಕೇಳುವವರಿಲ್ಲ.

ಆ ವರ್ಷ ಮಾತ್ರ ಪಂದ್ಯ ಆಗಲೇಬೇಕು ಅಂತ ಹಟ ಹಿಡಿದವಳು ನಾನೇ. ವೈಶಾಖಕ್ಕೆ ಮಗಳ ಮದುವೆ ಗೊತ್ತಾಗಿತ್ತು. ಹೊನ್ನೂರಿನಲ್ಲಿದ್ದ ನನ್ನ ಅಣ್ಣನೂ ತಮ್ಮನೂ ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದರು. ಗದ್ದೆ, ಕಬ್ಬು, ತೆಂಗು ಎಲ್ಲ ನಗುನಗುತ್ತಾ ಭಾಗ ಮಾಡಿಕೊಂಡವರು ಗಡಿಯಲ್ಲಿದ್ದ ಒಂದು ಹುಣಸೆಮರಕ್ಕೆ ಜಗಳ ಆಡಿದ್ದರು. ಅದರ ಹಣ್ಣನ್ನ ಇಬ್ಬರೂ ಒಬ್ಬರಿಗೊಬ್ಬರು ತಿಳಿಯದ ಹಾಗೆ ಮಂಕರಿ ತುಂಬಿ ನನಗೇ ಕಳಿಸುತ್ತಿದ್ದರು. ನಮ್ಮ ಪಂದ್ಯದ ಬೀಜವೆಲ್ಲ ಆ ಮರದ್ದೇ. ಇದಕ್ಕೆ ಏನನ್ನಬೇಕೋ ನೀವೇ ಹೇಳಿ.

ಹೆಣ್ಣನ್ನ ಹಸೆಮಣೆಗೆ ಕರೆತರಬೇಕಾದವರು ಸೋದರಮಾವಂದಿರು. ಕರೆಯೋಕೆ ಹೋದರೆ ಅಣ್ಣ, "ಅವ್ನು ಬಂದ್ರೆ ನಾ ಬರಾಕಿಲ್ಲ ಕಣವ್ವ" ಅಂದ. ತಮ್ಮ ತಲೆ ತಗ್ಗಿಸಿ, "ಅಣ್ಣನ್ನೇ ಕರ್ಕೊ ಅಕ್ಕ, ನನ್ ಬುಟ್ಬುಡು" ಅಂದ. ಒಬ್ಬನನ್ನ ಕರೆದು ಒಬ್ಬನನ್ನ ಬಿಡೋಕೆ ಅವರಲ್ಲಿ ಯಾರು ನನಗೆ ಹೆಚ್ಚು, ಯಾರು ಕಡಿಮೆ? ಹಾಳಾದ ಮರಕ್ಕೆ ಸಿಡಿಲಾದರೂ ಬಡಿಯಬಾರದೇ ಅಂತ ಬಸ್ಸಿನಲ್ಲಿ ದಾರಿ ಉದ್ದಕ್ಕೂ ಶಪಿಸಿಕೊಂಡು ಬಂದೆ.

ಆಮೇಲೆ ಬುದ್ಧಿ ಓಡಿತು. ಇಬ್ಬರಿಗೂ ಇಸ್ಪೀಟಿನ ಹುಚ್ಚು. ಅಪ್ಪ ಅದೇ ಹುಣಸೆಮರದ ಕೆಳಗೆ ಕೂರಿಸಿಕೊಂಡು ನಮಗೆ ಮೂವರಿಗೂ ಇಪ್ಪತ್ತೆಂಟರ ಆಟ ಕಲಿಸಿದ್ದರು. ಅಣ್ಣ ಊಟ ಬಿಟ್ಟಾನು, ತಪ್ಪಾಟ ಕಂಡು ಸುಮ್ಮನಿರಲಾರ. ಹುಡುಗನಾಗಿದ್ದಾಗ ಜ್ವರದಲ್ಲಿ ಕಂಬಳಿ ಹೊದ್ದು ಮಲಗಿದ್ದವನು, ನಾನು ಹಾಕಿದ ಎಲೆ ನೋಡಿ ಎದ್ದು ಕೂತು ಬೈದಿದ್ದ! ಆ ಆಸಾಮಿಗಳನ್ನ ಪಂದ್ಯಕ್ಕೆ ಕರೆದರೆ ಬಂದೇ ಬರುತ್ತಾರೆ. ಇಬ್ಬರಿಗೂ ಬೇರೆ ಬೇರೆ ಹೇಳಿ ಕಳಿಸಿದೆ, ಇನ್ನೊಬ್ಬ ಬರೋದಿಲ್ಲ ಅಂತಲೂ ಸೇರಿಸಿದೆ.

ಅಣ್ಣ ಬೆಳಗಿನ ಬಸ್ಸಿಗೆ ಬಂದ. ತಮ್ಮ ಮಧ್ಯಾಹ್ನ ಸೈಕಲ್ ತುಳಿದುಕೊಂಡು ಬಂದ. ಪಡಸಾಲೆ ಬಾಗಿಲಲ್ಲಿ ಒಬ್ಬರ ಮುಖ ಒಬ್ಬರು ನೋಡಿ, ಇಬ್ಬರೂ ನನ್ನ ಕಡೆ ಒಂದೇ ಥರ ಗುರ್ರಂತ ನೋಡಿದರು.

ಜೋಡಿ ಗೊತ್ತು ಮಾಡೋಕೆ ನಮ್ಮ ಯಜಮಾನರು ಎಲ್ಲರಿಂದಲೂ ಒಂದೊಂದು ಎಲೆ ಎಳೆಸುತ್ತಿದ್ದರು. ಒಂದೇ ಅಂಕಿ ಬಂದವರು ಜೋಡಿ. ಅಣ್ಣನಿಗೆ ಎಂಟು. ತಮ್ಮನಿಗೂ ಎಂಟು! ಅಣ್ಣ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, "ನಾ ಓಯ್ತೀನಿ ಕಣವ್ವ" ಅಂತ ಎದ್ದೇಬಿಟ್ಟ. ಅಷ್ಟರಲ್ಲಿ ನನ್ನ ಮಗಳು ಮಜ್ಜಿಗೆ ಲೋಟ ಹಿಡಿದು ಅಡ್ಡ ನಿಂತಳು. "ದೊಡ್ಡ ಮಾವ, ಇದೊಂದು ವರ್ಷ ಅಲ್ವಾ ನಾನು ಈ ಮನೇಲಿ ಇರೋದು? ಕೂತ್ಕೊಳ್ಳಿ" ಅಂದಳು. ಅವನು ಮಜ್ಜಿಗೆ ಕುಡಿದ, ಮೀಸೆ ಒರೆಸಿಕೊಂಡು ಕೂತ.

ಇಪ್ಪತ್ತೆಂಟರಲ್ಲಿ ಜೋಡಿಯವರು ಎದುರುಬದುರು ಕೂರಬೇಕು, ಆಟದ ನಡುವೆ ಒಬ್ಬರಿಗೊಬ್ಬರು ಮಾತಾಡಬಾರದು. ಮಾತು ಬಿಟ್ಟವರಿಗೆ ಇನ್ನೇನು ಬೇಕು! ಅಣ್ಣ ಒಂದು ಎಲೆ ಹಾಕಿದರೆ ಸಾಕು, ತಮ್ಮನಿಗೆ ಅವನ ಕೈಯೆಲ್ಲ ಗೊತ್ತಾಗುತ್ತಿತ್ತು. ಬೀಜ ಖಾಲಿಯಾದ ಜೋಡಿಗಳು ಒಂದೊಂದಾಗಿ ಎದ್ದು ಜಗಲಿ ಸೇರಿದವು. ಕೊನೆಗೆ ಉಳಿದದ್ದು ನನ್ನ ಒಡಹುಟ್ಟಿದವರು, ಅವರ ಎದುರಿಗೆ ನಮ್ಮ ಯಜಮಾನರು ಮತ್ತು ಎದುರುಮನೆ ಮೇಷ್ಟ್ರು.

ಬಾಗಿಲಲ್ಲಿ ನಿಂತಿದ್ದ ನನಗೆ ಸಂತೋಷ ಆಗಬೇಕಿತ್ತು, ಆದರೆ ಚಿಂತೆ ಹತ್ತಿತು. ಇವರು ಹೀಗೇ ಗೆದ್ದರೆ ಹೀಗೇ ತುಟಿ ಹೊಲಿದುಕೊಂಡು ಮನೆಗೆ ಹೋಗುತ್ತಾರೆ. ನನ್ನ ಮಗಳನ್ನ ಹಸೆಮಣೆಗೆ ಕರೆತರೋಕೆ ಯಾರು ಬರುತ್ತಾರೆ? ಶಿವನೇ, ನನ್ನ ತವರಿನವರು ಸೋಲಲಪ್ಪಾ ಅಂತ ಬೇಡಿಕೊಂಡೆ.

ಕೊನೆಯ ಆಟ. ಈ ಆಟದಲ್ಲಿ ರಾಜ, ರಾಣಿಗೆ ಬೆಲೆ ಇಲ್ಲ, ಗುಲಾಮನೇ ದೊಡ್ಡವನು. ಅಣ್ಣ ಆಟೀನ್ ಗುಲಾಮನನ್ನ ಟಪ್ ಅಂತ ಹಾಕಿದ. ಆ ಸುತ್ತಿನ ಪಟ್ಟು ಆಗಲೇ ಅವರದ್ದು. ತಮ್ಮ ಕೈಯಲ್ಲಿದ್ದ ಯಾವುದೋ ಸಣ್ಣೆಲೆ ಎಸೆದು, ತುರುಪನ್ನ ಕೊನೆಗೆ ಉಳಿಸಿಕೊಂಡಿದ್ದರೆ ಪಂದ್ಯ ಅವರದ್ದೇ ಆಗುತ್ತಿತ್ತು. ಅವನು ಕೈಯೆಲೆಗಳನ್ನ ನೋಡಿದ, ಅಣ್ಣನನ್ನ ನೋಡಿದ, ಇದ್ದ ಒಂದೇ ತುರುಪನ್ನ ಅಣ್ಣನ ಗುಲಾಮನ ಮೇಲೇ ಹಾಕಿದ! ಮುಂದಿನ ಪಟ್ಟುಗಳನ್ನ ನಮ್ಮ ಯಜಮಾನರು ಬಾಚಿಕೊಂಡರು. ಪಂದ್ಯ ಹೋಯಿತು.

"ಲೇ!" ಅಂತ ಅಣ್ಣ ಕಿರುಚಿದ್ದಕ್ಕೆ ಜಗಲಿಯಲ್ಲಿದ್ದವರು ಒಳಗೆ ಇಣುಕಿದರು. "ಗೆದ್ದಿರೋ ಎಲೆ ಮ್ಯಾಲೆ ತುರುಪ್ ಆಕ್ತಾರೇನ್ಲಾ ಯಾರಾರಾ? ಅಪ್ಪ ಅಷ್ಟು ಏಳ್ಕೊಟ್ಟಿದ್ದನ್ನ ಯಾವ್ ಕೆರೇಲಿ ತೊಳ್ಕೊಂಡ್ ಬಂದೆ?"

"ಗ್ಯಾನ ತಪ್ತು ಕಣಣ್ಣ."

"ಗ್ಯಾನ ತಪ್ತಂತೆ! ಇದ್ರೆ ತಾನೆ ತಪ್ಪಾಕೆ!"

ಎಲೆಗಳನ್ನೆಲ್ಲ ಮತ್ತೆ ಹರಡಿ, ಹೇಗೆ ಆಡಬೇಕಿತ್ತು ಅಂತ ಒಂದೊಂದಾಗಿ ತೋರಿಸಿ ಬೈದ. ಊಟಕ್ಕೆ ಕೂತರೂ ಬಿಡಲಿಲ್ಲ. ಬೈಯುತ್ತಲೇ ತನ್ನ ಹೋಳಿಗೆ ತೆಗೆದು ತಮ್ಮನ ಎಲೆಗೆ ಹಾಕಿ, "ತಿನ್ನು, ತಿಂದಾದ್ರೂ ಬುದ್ಧಿ ಬರ್ಲಿ" ಅಂದ.

ತಮ್ಮ ಕೈ ತೊಳೆಯೋಕೆ ಹಿತ್ತಲಿಗೆ ಬಂದಾಗ ನೀರು ಹಾಕುತ್ತಾ ಕೇಳಿದೆ. "ನೀನು ಅಂಥ ತಪ್ಪು ಆಡೋನಲ್ಲವಲ್ಲೋ."

ಅವನು ಒಳಗೆ ಒಮ್ಮೆ ನೋಡಿದ. "ಇನ್ನೇನ್ ಮಾಡನಕ್ಕ? ಗೆದ್ದಿದ್ರೆ ಕಾಯಿ ಒಡ್ದು ಆಳಿಗೊಂದ್ ಓಳು ತಕಂಡು ಸುಮ್ಕೆ ಓಯ್ತಿದ್ವಿ. ಅಣ್ಣಂಗೆ ಮಾತ್ರ ಏಳ್ಬ್ಯಾಡ ಕಣಕ್ಕ."

ವೈಶಾಖದಲ್ಲಿ ಮಗಳನ್ನ ಒಂದು ಕಡೆ ದೊಡ್ಡ ಮಾವ, ಒಂದು ಕಡೆ ಚಿಕ್ಕ ಮಾವ ಹಿಡಿದು ಹಸೆಮಣೆಗೆ ತಂದು ನಿಲ್ಲಿಸಿದರು. ಧಾರೆ ಮುಗಿದ ಮೇಲೆ ಅಣ್ಣ ಬೀಗರ ಮಧ್ಯೆ ಕೂತು ತಮ್ಮನ ಬೆನ್ನಿಗೆ ಗುದ್ದಿ, "ಇವ್ನು ಗೆದ್ದೆಲೆ ಮ್ಯಾಲೆ ತುರುಪ್ ಆಕೋ ಗಿರಾಕಿ ಕಣ್ರಿ!" ಅಂತ ಕಥೆ ಶುರು ಮಾಡಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಊ ಕಣ್ರಿ, ನಂಗೆ ಬುದ್ಧಿ ಸಾಲ್ದು" ಅಂತ ತಮ್ಮನೂ ನಕ್ಕ.

ನನಗೆ ಅಳು ತಡೆಯಲಾಗಲಿಲ್ಲ. ಮಗಳನ್ನ ಕಳಿಸೋ ಸಂಕಟ ಅಂದುಕೊಂಡು ಬೀಗಿತ್ತಿ ನನ್ನ ಕೈ ಹಿಡಿದು ಸಮಾಧಾನ ಮಾಡಿದರು.