ಮಡಿಲಿಗೆ ಕೊಟ್ಟ ಬ್ಯಾಗು

ಕ್ಯಾಮೆರಾಕ್ಕೆ ಯಾವ ಬ್ಯಾಗು ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ಓಡಾಡುವುದು ಕಾರಿನಲ್ಲೋ ಬಸ್ಸಿನಲ್ಲೋ? ಕಾರಿನಲ್ಲಾದರೆ ಗೋಣಿಚೀಲವಾದರೂ ನಡೆಯುತ್ತದೆ. ಬಸ್ಸಿನಲ್ಲಾದರೆ ಸ್ವಲ್ಪ ಕುಳಿತು ಕೇಳಬೇಕಾಗುತ್ತದೆ. ನಾನು ಹೆದರಿ ಹೆದರಿ ಕಲಿತದ್ದನ್ನು ನೀವು ಕುಳಿತಲ್ಲೇ ಕಲಿಯಬಹುದು.

ನಾನು ರಾಯಚೂರು ಕಡೆಯವಳು. ಕೆ.ಆರ್. ಪುರದಲ್ಲಿ ಒಂದು ಬಾಡಿಗೆ ಕೋಣೆ. ಮದುವೆ ಮನೆಗಳಲ್ಲಿ ಹೆಂಗಸರ ಕಡೆಯ ಫೋಟೊ ತೆಗೆಯುವುದು ನನ್ನ ಕೆಲಸ. ಪುಲಿಕೇಶಿನಗರ, ಶಿವಾಜಿನಗರದ ಎಷ್ಟೋ ಮನೆಗಳಲ್ಲಿ ಮೆಹಂದಿ ದಿನ ಹೆಂಗಸರು ಕೂತ ಕೋಣೆಗೆ ಗಂಡಸು ಫೋಟೊಗ್ರಾಫರನನ್ನು ಬಿಡುವುದಿಲ್ಲ. ನನ್ನಂಥವಳಿಗೆ ಈ ಊರಿನಲ್ಲಿ ಮೊದಲು ತೆರೆದದ್ದು ಆ ಬಾಗಿಲೇ. ಸ್ಟುಡಿಯೋ ಒಂದರಲ್ಲಿ ಆಲ್ಬಮ್ ಅಂಟಿಸುತ್ತಾ ಕೆಲಸ ಕಲಿತೆ, ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ ಮತ್ತು ಎರಡು ಲೆನ್ಸು ಕೊಂಡೆ. ಅವುಗಳ ಜೊತೆ ಮಾರಿದವನು ಪುಕ್ಕಟೆಯಾಗಿ ಒಂದು ಕಪ್ಪು ಬ್ಯಾಗು ಕೊಟ್ಟ. ಪುಕ್ಕಟೆ ಸಿಕ್ಕದ್ದನ್ನು ಬಿಡುವವಳಲ್ಲ ನಾನು. ಅದರ ಮೇಲೆ ಕಂಪನಿಯ ಹೆಸರು ಬಸ್ಸಿನ ಬೋರ್ಡಿನಷ್ಟು ದಪ್ಪಕ್ಷರದಲ್ಲಿತ್ತು.

ಅದನ್ನು ಮೊದಲು ಗಮನಿಸಿ ಹೇಳಿದ್ದು ನಮ್ಮ ಮನೆ ಓನರ್ ಅಮ್ಮ. ಈಗ ಮೂರಂತಸ್ತಿನ ಮನೆಗಳಿರುವ ಜಾಗದಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಮನೆತನದವರು. ಗೇಟಿನ ಹತ್ತಿರ ಹುರುಳಿಕಾಯಿ ಸೋಸುತ್ತಾ ಕೂತಿದ್ದವರು ನನ್ನ ಬೆನ್ನು ನೋಡಿ, "ಅಲ್ಲಮ್ಮ, ಒಳಗೇನೈತೆ ಅಂತ ಊರಿಗೆಲ್ಲ ಬರ್ಕೊಂಡ್ ಓಡಾಡ್ತೀಯಲ್ಲ, ಕಳ್ಳಂಗೆ ಕರೆಯೋಲೆ ಕೊಟ್ಟಂಗಲ್ವಾ?" ಅಂದರು.

ಅಷ್ಟೇ. ಆ ಮಾತು ಕಿವಿಯೊಳಗೆ ಹೊಕ್ಕ ಹುಳುವಿನಂತೆ ಕೂತುಬಿಟ್ಟಿತು. ಶಿವಾಜಿನಗರ ಬಸ್ ನಿಲ್ದಾಣದ ಗುಂಪಿನಲ್ಲಿ ನಡೆಯುವಾಗ ಬೆನ್ನ ಹಿಂದೆ ಜಿಪ್ಪು ಸರಿದ ಸದ್ದು ಕೇಳಿದಂತಾಗುತ್ತಿತ್ತು. ತಿರುಗಿ ನೋಡಿದರೆ ಯಾರೂ ಇಲ್ಲ. ಎಲ್ಲರೂ ಇದ್ದಾರೆ, ಅದೇ ತೊಂದರೆ. ಒಂದು ಸಂಜೆ ಕೋಣೆಗೆ ಬಂದು ನೋಡಿದರೆ ಹೊರಜೇಬಿನ ಜಿಪ್ಪು ನಿಜವಾಗಿಯೂ ತೆರೆದಿತ್ತು. ಅದರಲ್ಲಿದ್ದದ್ದು ಲೆನ್ಸ್ ಒರೆಸುವ ಬಟ್ಟೆ ಮಾತ್ರ, ಅದು ಹಾಗೆಯೇ ಇತ್ತು. ಆದರೂ ಆ ರಾತ್ರಿ ಬ್ಯಾಗನ್ನು ತಲೆದಿಂಬಿನ ಪಕ್ಕವೇ ಇಟ್ಟುಕೊಂಡು ಮಲಗಿದೆ.

ಮರುದಿನವೇ ಬ್ಯಾಗು ಕೊಳ್ಳಲು ಹೊರಟೆ. ಬರಿಗೈಯಲ್ಲಿ ಹೋಗಲಿಲ್ಲ. ಮನೆ ಹತ್ತಿರದ ಅಂಗಡಿಯ ತಕ್ಕಡಿಯಲ್ಲಿ ನನ್ನ ಕ್ಯಾಮೆರಾ ಸಾಮಾನೆಲ್ಲ ಇಟ್ಟು ತೂಗಿಸಿ, ಅಷ್ಟೇ ತೂಕದ ಅಕ್ಕಿ ಕಟ್ಟಿಸಿಕೊಂಡು ಶಿವಾಜಿನಗರದ ಬ್ಯಾಗಂಗಡಿಗೆ ಹೋದೆ. ಯಾಕೆಂದರೆ ಖಾಲಿ ಬ್ಯಾಗು ಯಾರ ಹೆಗಲಿಗೂ ನೋಯುವುದಿಲ್ಲ. ಅಂಗಡಿಯವರು ತೋರಿಸಿದ ಒಂದೊಂದು ಬ್ಯಾಗಿಗೂ ಅಕ್ಕಿ ತುಂಬಿ, ಹೆಗಲಿಗೇರಿಸಿ, ಅಂಗಡಿಯ ಆ ಗೋಡೆಯಿಂದ ಈ ಗೋಡೆಗೆ ನಡೆದಾಡಿದೆ.

ಗಲ್ಲಾದಲ್ಲಿದ್ದ ಸಾಹೇಬರು ಸ್ವಲ್ಪ ಹೊತ್ತು ನೋಡಿದರು. "ಮೇಡಂ, ನೀವು ಬ್ಯಾಗ್ ತಗೊಳ್ಳೋಕೆ ಬಂದಿದ್ದಾ, ಅಕ್ಕಿ ಮಾರೋಕೆ ಬಂದಿದ್ದಾ?"

"ಬ್ಯಾಗ್ ಸರಿಯಿದ್ರೆ ತಗೋತೀನಿ, ಇಲ್ದಿದ್ರೆ ಅಕ್ಕಿನಾದ್ರೂ ಮಾರಿ ಹೋಗ್ತೀನಿ."

"ಅರೆ, ಇದು ನೋಡಿ, ಫುಲ್ ವಾಟರ್‌ಪ್ರೂಫ್!"

"ಹೌದಾ? ಒಂದು ಮಗ್ ನೀರು ತರ್ಸಿ."

"ಮೇಡಂ, ಮಳೆಗೆ ವಾಟರ್‌ಪ್ರೂಫ್. ನಿಮ್ ಮಗ್‌ಗೆ ಅಲ್ಲ."

ಹೀಗೆಯೇ ಬಹಳ ಹೊತ್ತು ನಡೆಯಿತು. ನೀವೂ ಹೀಗೆಯೇ ನೋಡಿ. ಹೆಗಲ ಪಟ್ಟಿ ಅಗಲವಾಗಿರಬೇಕು, ಒಳಗೆ ಮೆತ್ತೆ ಇರಬೇಕು; ಎದೆಗೆ ಅಡ್ಡಲಾಗಿ ಒಂದು ಕ್ಲಿಪ್ಪು ಇದ್ದರೆ ಭಾರ ಹಂಚಿಕೊಳ್ಳುತ್ತದೆ. ಬ್ಯಾಗಿನ ತಳ ಸೊಂಟಕ್ಕಿಂತ ಕೆಳಗೆ ಜೋತಾಡಬಾರದು, ಜೋತಾಡಿದರೆ ರಾತ್ರಿ ಬೆನ್ನು ಹೇಳುತ್ತದೆ. ಎಲ್ಲಕ್ಕಿಂತ ಮುಖ್ಯ ಜಿಪ್ಪು. ಹೊರಗೆ ಕಾಣುವ ಜಿಪ್ಪು ಬೀದಿಗೆ ತೆರೆದ ಬಾಗಿಲು. ಕೊನೆಗೆ ನಾನು ಆರಿಸಿದ್ದು ಬೂದುಬಣ್ಣದ ಒಂದು ಸಾದಾ ಬ್ಯಾಗು. ಅದರ ಜಿಪ್ಪು ಬೆನ್ನಿಗೆ ಒತ್ತುವ ಕಡೆ, ಮೆತ್ತೆಯ ಮಡಿಕೆಯೊಳಗೆ ಅಡಗಿತ್ತು. ಹಾಕಿಕೊಂಡರೆ ನಾನೇ ಅದಕ್ಕೆ ಬೀಗ. ಕೆಳಗಿಟ್ಟರೆ ಎಲ್ಲಿ ತೆರೆಯಬೇಕೆಂದು ಗೊತ್ತಿಲ್ಲದವರಿಗೆ ತಿಳಿಯುವುದಿಲ್ಲ.

ಸಾಹೇಬರಿಗೆ ಬೇಸರ. "ಇದ್ಯಾಕೆ ಮೇಡಂ? ಚೆನ್ನಾಗಿರೋದು ತೋರಿಸ್ತೀನಿ. ಇದು ಎಲ್ರ ಬೆನ್ ಮೇಲೂ ಇದೆ. ಅರ್ಧ ಬೆಂಗಳೂರು ಇದನ್ನೇ ಹಾಕ್ಕೊಂಡು ತಿರುಗ್ತಿದೆ."

"ಅದಕ್ಕೇ ಬೇಕು," ಅಂದೆ. ಅವರ ಆ ಬೇಸರವನ್ನೇ ಹಿಡಿದು ಜಗ್ಗಿ ಬೆಲೆಯನ್ನೂ ಇಳಿಸಿದೆ. ಪಕ್ಕದ ಬೀದಿಯ ಹಾಸಿಗೆ ಅಂಗಡಿಯಲ್ಲಿ ಉಳಿದ ಫೋಮ್ ತುಂಡುಗಳನ್ನು ಕತ್ತರಿಸಿಕೊಂಡು, ಬಟ್ಟೆ ಹೊಲಿಸಿ, ಕ್ಯಾಮೆರಾಕ್ಕೊಂದು ಗೂಡು, ಲೆನ್ಸಿಗೊಂದೊಂದು ಗೂಡು ಮಾಡಿಸಿದೆ. ಇನ್ನು ಯಾವ ಕಣ್ಣೂ ನನ್ನ ಬೆನ್ನಿನ ಮೇಲೆ ಬೀಳುವುದಿಲ್ಲ ಎಂದುಕೊಂಡೆ.

ಸ್ವಲ್ಪ ದಿನ ಹಾಗೆಯೇ ನಡೆಯಿತು. ಆಮೇಲೆ ಪುಲಿಕೇಶಿನಗರದ ಒಂದು ಮನೆಯ ಮೆಹಂದಿಗೆ ಹೋದೆ. ಬಾಗಿಲು ಹಾಕಿದ ಹಜಾರದಲ್ಲಿ ಬರೀ ಹೆಂಗಸರು. ಮದುಮಗಳು ತಲೆಗೂದಲು ಬಿಚ್ಚಿ, ಎರಡೂ ಕೈಗೆ ಹಸಿ ಮೆಹಂದಿ, ಅಕ್ಕತಂಗಿಯರ ನಡುವೆ ಕುಣಿದಳು. ಹೊರಗಿನವರು ಎಂದೂ ನೋಡದ ಮುಖಗಳು ನನ್ನ ಕ್ಯಾಮೆರಾದ ಎದುರು ಬಾಯಿ ತುಂಬ ನಗುತ್ತಿದ್ದವು. ಹೊರಡುವಾಗ ಮದುಮಗಳ ತಾಯಿ ನನ್ನ ಕೈ ಹಿಡಿದುಕೊಂಡರು.

"ಬೇಟಾ, ಈ ಫೋಟೊ ನಮ್ಮನೆ ಗಂಡಸ್ರಿಗೂ ತೋರ್ಸಲ್ಲ ನಾನು. ಫೋನಲ್ಲಿ ಕಳಿಸ್ಬೇಡ. ಪ್ರಿಂಟ್ ಮಾಡಿ ನೀನೇ ತಂದು ನನ್ ಕೈಗೆ ಕೊಡು. ಬೇರೆ ಯಾರೂ ನೋಡ್ಬಾರ್ದು. ಭರೋಸಾ ನಿನ್ ಮೇಲೆ."

"ಆಯ್ತಮ್ಮ," ಅಂದೆ. ಮೆಮೊರಿ ಕಾರ್ಡುಗಳನ್ನು ಕ್ಯಾಮೆರಾದ ಪಕ್ಕದ ಗೂಡಿನಲ್ಲಿಟ್ಟು ಬ್ಯಾಗು ಹೆಗಲಿಗೇರಿಸಿದೆ.

ಮಧ್ಯಾಹ್ನ. ಶಿವಾಜಿನಗರದಿಂದ ಕೆ.ಆರ್. ಪುರದ ಬಸ್ಸು. ಹೆಂಗಸರಿಗೆ ಟಿಕೆಟ್ ಪುಕ್ಕಟೆಯಾದ ಮೇಲೆ ಬಸ್ಸಿನ ಮುಂಭಾಗದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕಂಬಿ ಹಿಡಿದು ನಿಂತಿದ್ದೆ. ಕಂಡಕ್ಟರು ಜನರ ನಡುವೆ ಈಜುತ್ತಾ ಬಂದು ನನ್ನ ಬ್ಯಾಗಿಗೆ ಡಿಕ್ಕಿ ಹೊಡೆದರು.

"ರೀ ಮೇಡಂ, ಬ್ಯಾಗ್ ಇಳಿಸ್ರೀ! ಬೆನ್ ಮೇಲೆ ಇನ್ನೊಬ್ರನ್ನ ಕೂರಿಸ್ಕೊಂಡ್ ನಿಂತಂಗಿದೆ."

ಪಕ್ಕದ ಸೀಟಿನ ಹಸಿರು ಸೀರೆಯ ಹೆಂಗಸು ಆಗಲೇ ಕೈ ಚಾಚಿದ್ದರು. "ಕೊಡಮ್ಮ ಇಲ್ಲಿ, ನಾನ್ ಹಿಡ್ಕೋತೀನಿ."

ನಮ್ಮ ಬಸ್ಸುಗಳ ಪದ್ಧತಿ ನಿಮಗೆ ಗೊತ್ತೇ ಇದೆ. ಕೂತವರ ಮಡಿಲು ನಿಂತವರ ಹೊರೆಗೆ. ಸೊಪ್ಪಿನ ಚೀಲ, ಹೆಲ್ಮೆಟ್ಟು, ಕೆಲವೊಮ್ಮೆ ಮಗು, ಏನು ಬೇಕಾದರೂ ಗುರುತಿಲ್ಲದವರ ತೊಡೆಯೇರುತ್ತದೆ. ಬೇಡ ಅನ್ನುವುದು ಅವರ ಮುಖಕ್ಕೆ ಹೊಡೆದಂತೆ.

"ಪರವಾಗಿಲ್ಲಕ್ಕ, ಇರ್ಲಿ," ಅಂದೆ.

"ಯಾಕೆ, ಒಳಗೆ ಚಿನ್ನ ಇಟ್ಟಿದ್ದೀಯಾ?"

ಸುತ್ತಲಿನವರು ನಕ್ಕರು, ನನ್ನ ಬ್ಯಾಗಿನತ್ತ ನೋಡಿದರು. ಆಗ ನನಗೆ ಹೊಳೆಯಿತು: ಸಾದಾ ಬ್ಯಾಗು ಹೊತ್ತವಳು ಸಾದಾ ಬ್ಯಾಗಿನವಳಂತೆಯೇ ಇರಬೇಕು. ಬಿಗಿಹಿಡಿದಷ್ಟೂ ಒಳಗೇನೋ ಇದೆ ಎಂದು ನಾನೇ ಸಾರಿದ ಹಾಗೆ. ಹಲ್ಲು ಕಚ್ಚಿ, ನಗುತ್ತಾ, ಕೊಟ್ಟುಬಿಟ್ಟೆ.

ಮುಂದಿನ ನಿಲ್ದಾಣಗಳಲ್ಲಿ ಜನ ನುಗ್ಗಿದರು. ನಾನು ಹಿಂದೆ ಹಿಂದೆ ಸರಿದು ನಡುಬಾಗಿಲ ಹತ್ತಿರ ಬಂದುಬಿಟ್ಟೆ. ತಲೆಗಳ ಸಂದಿಯಲ್ಲಿ ಹಸಿರು ಸೆರಗಿನ ತುದಿ ಮಾತ್ರ ಕಾಣುತ್ತಿತ್ತು. ಅದು ಕಾಣುವವರೆಗೆ ಉಸಿರಾಡುತ್ತಿದ್ದೆ. ಹಲಸೂರು ಬಂತು. ಹಸಿರು ಸೆರಗು ಎದ್ದು ನಿಂತಿತು, ಮುಂದಿನ ಬಾಗಿಲಿನತ್ತ ಹೋಯಿತು, ಇಳಿಯಿತು. ಹೆಗಲಲ್ಲಿ ಬೂದುಬಣ್ಣದ ಬ್ಯಾಗು.

ಯಾರ ಕಾಲು ತುಳಿದೆನೋ, ಯಾರು ಬೈದರೋ ತಿಳಿಯದು. ನಡುಬಾಗಿಲಿನಿಂದ ಹಾರಿಕೊಂಡೆ. ಬಸ್ಸು ಹೊರಟುಹೋಯಿತು. ಓಡಿ ಹೋಗಿ ಆ ಹೆಂಗಸಿನ ಬ್ಯಾಗಿನ ಪಟ್ಟಿ ಹಿಡಿದೆ. ಬೆಂಗಳೂರಿನ ಮಾತೆಲ್ಲ ಮರೆತು ಊರಿನ ಮಾತು ಬಾಯಿಗೆ ಬಂತು. "ಯಕ್ಕಾ, ನನ್ನ ಚೀಲ ಕೊಡ್ರಿ! ನಂದೈತ್ರಿ ಅದು!"

"ಏ, ಬಿಡಮ್ಮ! ಇದು ನಮ್ ಹುಡುಗಿ ಕಾಲೇಜ್ ಬ್ಯಾಗು." ಅವರು ಸರ್ರನೆ ಜಿಪ್ಪೆಳೆದು ತೋರಿಸಿದರು. ಊಟದ ಡಬ್ಬಿ, ಮಡಿಸಿದ ಸೀರೆ, ಮೆಂತ್ಯದ ಕಟ್ಟು. ಜಿಪ್ಪು ಹೊರಗಡೆಯೇ ಇತ್ತು. "ಕಾಲ್ ಕೆಳಗಿಟ್ಕೊಂಡಿದ್ದೆ, ನೀನ್ ನೋಡ್ಲಿಲ್ಲ. ನಿನ್ ಬ್ಯಾಗ್ ಯಾರ್ದು ಯಾರ್ದು ಅಂತ ಎಷ್ಟ್ ಕೂಗ್ದೆ! ನನ್ ಜಾಗದಲ್ಲಿ ಕೂತ ಅಜ್ಜಿ ಮಡಿಲಿಗಿಟ್ಟು ಬಂದೆ."

ಅಂದರೆ ಬ್ಯಾಗು ಬಸ್ಸಿನಲ್ಲೇ ಇತ್ತು. ಬಸ್ಸು ಬಿಟ್ಟು ಇಳಿದವಳು ನಾನು.

ನನ್ನ ಮುಖ ನೋಡಿ ಆಕೆಯ ಸಿಟ್ಟು ಇಳಿಯಿತು. ತಾವೇ ರಸ್ತೆಗೆ ಅಡ್ಡ ನಿಂತು ಆಟೋ ತಡೆದರು. "ಅಪ್ಪಾ, ಮುಂದೆ ಕೆ.ಆರ್. ಪುರದ ಬಸ್ ಹೋಯ್ತು ನೋಡು, ಅದನ್ನ ಹಿಡಿ. ಈ ಮಗು ಬ್ಯಾಗ್ ಅದ್ರಲ್ಲೈತೆ!"

ಬಾಡಿಗೆ ಮಾತಾಡದೆ ಆಟೋ ಹತ್ತಿದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

"ಟೆನ್ಷನ್ ಬೇಡಮ್ಮಾ," ಅಂದರು ಡ್ರೈವರು. "ಇಂದಿರಾನಗರ ಸಿಗ್ನಲ್ಲಲ್ಲಿ ನಿಂತೇ ನಿಂತಿರುತ್ತೆ. ಈ ಊರ್ ಟ್ರಾಫಿಕ್ ಒಂದ್ ದಿನ ಆದ್ರೂ ಯಾರಿಗಾದ್ರೂ ಒಳ್ಳೇದ್ ಮಾಡ್ಲಿ."

ನನಗೆ ನಗು ಬರಲಿಲ್ಲ. ಕ್ಯಾಮೆರಾ ಹೋದರೆ ಮತ್ತೆ ಆಲ್ಬಮ್ ಅಂಟಿಸಿಯಾದರೂ ಬದುಕುತ್ತೇನೆ. ಆದರೆ ಆ ಕಾರ್ಡು? ಯಾರೋ ಅದನ್ನು ತೆಗೆದು ಯಾವುದೋ ಕಂಪ್ಯೂಟರಿಗೆ ಹಾಕುತ್ತಾನೆ. ಕೂದಲು ಬಿಚ್ಚಿ ಕುಣಿದ ಹುಡುಗಿ ಗುರುತುಪರಿಚಯವಿಲ್ಲದವರ ಫೋನಿನೊಳಗೆ ಕುಣಿಯತೊಡಗುತ್ತಾಳೆ. ನಾಳಿದ್ದು ಅವಳ ನಿಕಾಹ್. ಭರೋಸಾ ಎಂದ ಆ ತಾಯಿಯ ಕೈಯ ಬಿಸಿ ನನ್ನ ಅಂಗೈಯಲ್ಲಿ ಇನ್ನೂ ಇತ್ತು. ಎದುರಿಗೆ ಬರುವ ಪ್ರತಿ ಬೆನ್ನಿನ ಮೇಲೂ ಬೂದುಬಣ್ಣದ ಬ್ಯಾಗು ಕಾಣುತ್ತಿತ್ತು. ಒಂದೊಂದೂ ನನ್ನದೇ ಅನ್ನಿಸುತ್ತಿತ್ತು. ಬ್ಯಾಗಂಗಡಿಯ ಸಾಹೇಬರು ಸುಳ್ಳು ಹೇಳಿರಲಿಲ್ಲ.

ಹಳೇ ಮದ್ರಾಸು ರಸ್ತೆಯಲ್ಲಿ, ಇಂದಿರಾನಗರದ ಸಿಗ್ನಲ್ಲಿನಲ್ಲಿ ಬಸ್ಸು ಸಿಕ್ಕಿತು. ಕೈಗೆ ಬಂದ ನೋಟು ಡ್ರೈವರಿಗೆ ತುರುಕಿ, ಬಾಗಿಲು ಬಡಿದು ಹತ್ತಿದೆ. ಅದೇ ಸೀಟು. ಕಿಟಕಿಯ ಪಕ್ಕ ಒಬ್ಬ ಮುದುಕಿ, ಬಾಯಲ್ಲಿ ಎಲೆಅಡಿಕೆ. ನನ್ನ ಬ್ಯಾಗನ್ನು ಎರಡೂ ತೋಳಿನಲ್ಲಿ ಮೊಮ್ಮಗುವಿನಂತೆ ತಬ್ಬಿಕೊಂಡು ಕೂತಿದ್ದರು.

"ಅಜ್ಜಿ, ಆ ಬ್ಯಾಗ್ ನಂದು."

ಅಜ್ಜಿಯ ತೋಳು ಇನ್ನೂ ಬಿಗಿಯಾಯಿತು. "ನಿಂದೇ ಅನ್ನೋಕೇನ್ ಗುರ್ತು? ಈಗ್ತಾನೆ ಒಬ್ಬ ಬಂದು ನಂದು ಅಂತ ಕೈ ಹಾಕ್ದ."

"ಯಾರಜ್ಜಿ? ಕೊಟ್ರಾ, ತೆಗೆದ್ನಾ?"

"ಕೊಟ್ಟಿದ್ರೆ ಇಲ್ಲಿರ್ತಿತ್ತಾ? ನಿಂದಾದ್ರೆ ಬಾಯಿ ತೆಗಿಯಪ್ಪ ನೋಡಣ ಅಂದೆ. ಹಿಂದೆ ಮುಂದೆ ತಿರುಗ್ಸಿದ, ಬಾಯೇ ಸಿಗ್ಲಿಲ್ಲ. ಮಿಸ್ಟೇಕು ಅಂದ್ಕೊಂಡು ಹಿಂದಕ್ಕೋದ. ಈಗ ನೀನ್ ಹೇಳು, ಒಳಗೇನೈತೆ?"

ಬಾಗಿ ಮೆಲ್ಲಗೆ ಹೇಳಹೋದೆ. "ನನ್ ಕಿವಿ ಮಂದ, ಜೋರಾಗ್ ಹೇಳು," ಅಂದರು. ಸುತ್ತಲಿದ್ದವರೆಲ್ಲ ಮಾತು ನಿಲ್ಲಿಸಿ ನನ್ನ ಬಾಯಿ ನೋಡುತ್ತಿದ್ದರು. ಇಷ್ಟು ದಿನ ಅಕ್ಕಿ ಹೊತ್ತು, ಫೋಮ್ ಹೊಲಿಸಿ, ಮುಚ್ಚಿಟ್ಟದ್ದನ್ನು ತುಂಬಿದ ಬಸ್ಸಿನಲ್ಲಿ ಕೂಗಿ ಹೇಳಿದೆ: "ಕ್ಯಾಮೆರಾ ಐತಜ್ಜಿ! ಕ್ಯಾಮೆರಾ, ಎರಡು ಲೆನ್ಸು!"

ಬ್ಯಾಗನ್ನು ಅಜ್ಜಿಯ ಮಡಿಲಿನಲ್ಲೇ ಮಗುಚಿ, ಮಡಿಕೆಯೊಳಗೆ ಬೆರಳಿಟ್ಟು ಜಿಪ್ಪು ಸರಿಸಿದೆ. ಗೂಡಿನಲ್ಲಿ ಕಾರ್ಡಿನ ಡಬ್ಬಿ ಕೈಗೆ ತಾಗಿತು.

"ಹೂಂ, ನಿಂದೇ. ತಗೋ," ಅಂದರು ಅಜ್ಜಿ. "ಇನ್ನೊಂದ್ಸಲ ಬ್ಯಾಗ್ ಒಂದ್ ಕಡೆ ನೀನ್ ಒಂದ್ ಕಡೆ ಹೋಗ್ಬೇಡ."

"ಆ ಮನುಷ್ಯ ಇಳಿದನಾ ಅಜ್ಜಿ?"

"ನಂಗೇನ್ ಗೊತ್ತು, ಹಿಂದೆ ಎಲ್ಲೋ ನಿಂತಿರ್ಬೇಕು."

ಅವನು ಕಳ್ಳನೋ, ತನ್ನ ಅಂಥದೇ ಬೂದು ಬ್ಯಾಗನ್ನು ಯಾರದೋ ಮಡಿಲಿಗೆ ಕೊಟ್ಟು ಹುಡುಕುತ್ತಿದ್ದವನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಕೆ.ಆರ್. ಪುರದವರೆಗೆ ಬ್ಯಾಗನ್ನು ಎದೆಗೆ ಕಟ್ಟಿಕೊಂಡು ನಿಂತೆ. ಬೆನ್ನು ಬರಿದಾಗಿತ್ತು, ಅಲ್ಲಿ ಯಾರೋ ನೋಡುತ್ತಿರುವಂತೆ ಚುಚ್ಚುತ್ತಿತ್ತು. ತಿರುಗಿ ನೋಡಲು ಧೈರ್ಯ ಬರಲಿಲ್ಲ.

ಮದುವೆ ಮುಗಿದ ಮೇಲೆ ಪ್ರಿಂಟುಗಳನ್ನು ಒಯ್ದು ಆ ತಾಯಿಯ ಕೈಗೆ ಕೊಟ್ಟೆ. ಮಗಳು ಕುಣಿಯುವ ಫೋಟೊದ ಮೇಲೆ ಬೆರಳಾಡಿಸಿ, "ಯಾರೂ ನೋಡಿಲ್ಲ ಅಲ್ವಾ?" ಎಂದರು. "ಇಲ್ಲಮ್ಮ, ಯಾರೂ ನೋಡಿಲ್ಲ," ಅಂದೆ. ನಿಜವನ್ನೇ ಹೇಳಿದ್ದೆ. ಆದರೂ ಅವರು ಕೊಟ್ಟ ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದುಬಂದೆ.

ಅದೇ ಬ್ಯಾಗು ಈಗಲೂ ನನ್ನ ಬಳಿ ಇದೆ. ಅವ್ವನ ಹಳೆಯ ಇಳಕಲ್ ಸೀರೆಯ ಕೆಂಪು ಸೆರಗಿನ ತುಂಡೊಂದನ್ನು ಹೆಗಲ ಪಟ್ಟಿಗೆ ಸುತ್ತಿ ಹೊಲಿದಿದ್ದೇನೆ. ಬಸ್ಸಿನ ಆ ತುದಿಯಿಂದಲೂ ಕಾಣುತ್ತದೆ. ಕಾರ್ಡುಗಳು ಬ್ಯಾಗಿನಲ್ಲಿ ಇರುವುದಿಲ್ಲ, ಸೊಂಟಕ್ಕೆ ಕಟ್ಟಿದ ಸಂಚಿಯಲ್ಲಿರುತ್ತವೆ. ನೀವೂ ಹಾಗೆಯೇ ಮಾಡಿ. ಯಾರಾದರೂ ಕೂತವರು ಕೈ ಚಾಚಿದರೆ ಬ್ಯಾಗು ಕೊಡುತ್ತೇನೆ, ಪಟ್ಟಿಯ ಉದ್ದನೆಯ ತುದಿಯನ್ನು ಮಾತ್ರ ಬೆರಳಿಗೆ ಸುತ್ತಿಕೊಂಡು ನಿಲ್ಲುತ್ತೇನೆ.

ಮೊನ್ನೆ ಒಬ್ಬಾಕೆ ಅದನ್ನು ನೋಡಿ, "ಇದೇನಮ್ಮ, ಎಮ್ಮೆ ಹಗ್ಗ ಹಿಡ್ಕೊಂಡಂಗೆ ಹಿಡ್ಕೊಂಡಿದ್ದೀಯಾ, ಓಡೋಗುತ್ತಾ?" ಎಂದು ನಕ್ಕರು.

"ಒಂದ್ಸಲ ಓಡೋಗಿತ್ತು ಅಕ್ಕ," ಅಂದೆ. ಹಲಸೂರು ಬರುತ್ತಿತ್ತು. ಹಗ್ಗವನ್ನು ಇನ್ನೊಂದು ಸುತ್ತು ಸುತ್ತಿಕೊಂಡೆ.