ಕೋವಿಯ ಪಕ್ಕದ ಸ್ಪ್ಯಾನರುಗಳು

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಅಮ್ಮತ್ತಿಯಲ್ಲಿ ನನ್ನದೊಂದು ತಗಡಿನ ಶೆಡ್ಡು. ಸುತ್ತಲಿನ ಎಸ್ಟೇಟುಗಳಲ್ಲಿ ಎಂಜಿನ್ನು ಕೆಟ್ಟರೂ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಕೆಟ್ಟರೂ ನನ್ನ ಹತ್ತಿರ ಬರಲೇಬೇಕು. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಗೆ ಕಿವಿಯಿಟ್ಟರೆ ಯಾವ ಬೇರಿಂಗು ಸವೆದಿದೆ ಎಂದು ಹೇಳುತ್ತಿದ್ದೆ. ಜಂಬ ಇತ್ತು, ಇಲ್ಲವೆನ್ನುವುದಿಲ್ಲ.

ಆ ವರ್ಷ ಮಳೆಗಾಲದ ಆರಂಭದಲ್ಲಿ ಮೂವರು ಯುವಕರು ನನ್ನ ಶೆಡ್ಡಿಗೆ ಬಂದರು. ಮೂವರೂ ಸರ್ಕಾರದ ತರಬೇತಿ ಕೇಂದ್ರದಲ್ಲಿ ಫಿಟ್ಟರ್ ಕೆಲಸ ಕಲಿತು ಪಾಸಾದವರು. ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡು ಎಸ್ಟೇಟಿನಿಂದ ಎಸ್ಟೇಟಿಗೆ ಅಲೆದಿದ್ದರು. ಎಲ್ಲ ಕಡೆಯೂ ಒಂದೇ ಪ್ರಶ್ನೆ: ಪಲ್ಪರ್ ಬಿಚ್ಚಿ ಗೊತ್ತಾ? ಪಾಪ, ಅವರು ಪಲ್ಪರನ್ನು ಕಣ್ಣಿಂದಲೂ ಕಂಡಿರಲಿಲ್ಲ. ಅವರಲ್ಲಿ ಹಿರಿಯವನು ತಿತಿಮತಿಯ ಕಡೆಯವನು. ಅಪ್ಪ ಕಾಡಿನಲ್ಲಿ ಮರ ಹೊರುವ ಕೆಲಸದಲ್ಲಿದ್ದು ಕಾಲು ಮುರಿದುಕೊಂಡಿದ್ದ. ಮನೆಯಲ್ಲಿ ದುಡಿಯುವ ಕೈ ಎಂದರೆ ಇವನದೇ. ಮನೆಮಾತು ಮಲಯಾಳ, ಕನ್ನಡ ಕಲಿತದ್ದು ಶಾಲೆಯಲ್ಲಿ.

ಕಲಿಸುತ್ತೇನೆ ಎಂದೆ. ಆದರೆ ಕಲಿಸಲು ಯಂತ್ರ ಬೇಕಲ್ಲ? ಅಕ್ಕನ ಗಂಡನ ನೆನಪಾಯಿತು. ಭಾವನಿಗೆ ಅಮ್ಮತ್ತಿಯಿಂದ ಎರಡು ಮೈಲಿಯಲ್ಲಿ ಎಸ್ಟೇಟು. ಅವರ ಪಲ್ಪರ್ ತುಕ್ಕು ಹಿಡಿದು, ಎಂಜಿನ್ನು ಕೆಮ್ಮುತ್ತಾ ಕೂತಿತ್ತು. ಹೋಗಿ ಕೇಳಿದೆ.

"ಕಳ್ಸು ಅವರ್ನ," ಎಂದರು ನಮ್ಮ ಅರೆಭಾಷೆಯಲ್ಲಿ. "ಎಲ್ಲಾ ಬಿಚ್ಚಿ ಕಲೀಲಿ. ಹಣ್ಣು ಕುಯ್ಯಕನ ಮೂರು ಜನಕ್ಕೂ ಇಲ್ಲೇ ಕೆಲ್ಸ ಉಟ್ಟು. ಕೂಲಿ ಲೈನಲ್ಲಿ ಮನೆನೂ ಕೊಡೋಣ." ಹಣ್ಣು ಕೊಯ್ಯುವ ಕಾಲಕ್ಕೆ ಮೂವರಿಗೂ ಕೆಲಸ ಉಂಟು ಎಂದು ಮಾತಾಯಿತು.

ಮೂವರೂ ನನ್ನ ಶೆಡ್ಡಿನಲ್ಲೇ ಉಳಿದು, ಮೂರು ತಿಂಗಳು ಆ ಮಳೆಯಲ್ಲಿ ದಿನವೂ ನಡೆದು ಹೋದರು. ಊಟ ಭಾವನ ಮನೆಯದು; ಸಂಬಳವಿಲ್ಲ, ಕಲಿಕೆಯೇ ಸಂಬಳ ಎಂದು ನಾನೇ ಅವರನ್ನು ಒಪ್ಪಿಸಿದ್ದೆ. ಪಲ್ಪರಿನ ಉರುಳೆಗೆ ಹೊಸ ತಾಮ್ರದ ತಗಡು ಹೊದಿಸಿದರು. ಉರುಳೆಗೂ ಅದರೆದುರಿನ ಪಟ್ಟಿಗೂ ನಡುವೆ ಎಷ್ಟು ಸಂದು ಬಿಡಬೇಕೆಂದು ಕಲಿತರು. ಸಂದು ಬಿಗಿಯಾದರೆ ಬೀಜ ಕತ್ತರಿಸುತ್ತದೆ, ಸಡಿಲವಾದರೆ ಹಣ್ಣು ಹಾಗೇ ಹೊರಗೆ ಬೀಳುತ್ತದೆ. ತಿತಿಮತಿಯವನ ಕೈ ನನ್ನ ಕೈಗಿಂತ ಚುರುಕು. ಒಂದು ದಿನ ಎಂಜಿನ್ನಿಗೆ ಕಿವಿಯಿಟ್ಟು, ನಾನು ಹೇಳುವ ಮೊದಲೇ ಕೆಟ್ಟ ಬೇರಿಂಗನ್ನು ತೋರಿಸಿಬಿಟ್ಟ. ನನಗೆ ಹೊಟ್ಟೆಕಿಚ್ಚೂ ಆಯಿತು, ಸಂತೋಷವೂ ಆಯಿತು.

ಅಷ್ಟರಲ್ಲಿ ಅವನಿಗೆ ಮೈಸೂರಿನಿಂದ ಇಂಟರ್‌ವ್ಯೂ ಕಾರ್ಡು ಬಂತು. ಬಸ್ಸು ರಿಪೇರಿಯ ವರ್ಕ್‌ಶಾಪಿನಲ್ಲಿ ಕೆಲಸ. ಕಾರ್ಡು ಹಿಡಿದು ನನ್ನ ಹತ್ತಿರ ಬಂದ.

"ಮೇಸ್ತ್ರಿ, ಇಲ್ಲೇ ಕೆಲಸ ಗ್ಯಾರಂಟಿ ಅಂದ್ರೆ ನಾನು ಹೋಗುದಿಲ್ಲ. ಅಪ್ಪನ್ನ ಬಿಟ್ಟು ಹೋಗ್ಲಿಕ್ಕೂ ಕಷ್ಟ. ಧಣಿ ಹತ್ರ ಒಂದು ಕಾಗದ ಬರೆಸಿ ಕೊಡ್ತೀರಾ?"

ನಾಲ್ಕು ದಿನ ತಡಿ ಎಂದೆ. ಕೈಲ್ ಮುಹೂರ್ತ ಎದುರಿಗಿತ್ತು. ಗದ್ದೆ ನಾಟಿ ಮುಗಿದ ಮೇಲೆ ಬರುವ ಆಯುಧಪೂಜೆ ಅದು. ಅಂದು ಕೋವಿ, ಕತ್ತಿಗಳನ್ನೆಲ್ಲ ತೊಳೆದು ದೇವರ ದೀಪದ ಮುಂದೆ ಇಟ್ಟು, ಕೋವಿಯ ಬಾಯಿಗೆ ತೋಕ್ ಪೂ ಎಂಬ ಕಾಡುಹೂವನ್ನು ಸಿಕ್ಕಿಸುತ್ತೇವೆ. ಆ ಸಾಲಿನಲ್ಲಿ ಇರುವುದು ಮನೆಯವರ ಆಯುಧ ಮಾತ್ರ. ಹೊರಗಿನವನ ಕತ್ತಿಗೆ ಅಲ್ಲಿ ಜಾಗವಿಲ್ಲ. ಅಂಥ ಕಡೆ ಆ ವರ್ಷ ಭಾವ ಮೂವರನ್ನೂ ಕರೆಸಿ, ಅವರ ಸ್ಪ್ಯಾನರು, ಸುತ್ತಿಗೆಗಳನ್ನು ತಮ್ಮ ಕೈಯಿಂದಲೇ ಕೋವಿಯ ಪಕ್ಕ ಇಟ್ಟು ಗಂಧ ಹಚ್ಚಿದರು. ನನ್ನ ಕಣ್ಣು ತುಂಬಿ ಬಂತು. ಹಂದಿ ಸಾರು, ಕಡುಬಿನ ಊಟ ಮುಗಿಸಿ ಹೊರಗೆ ಬಂದವನೇ ತಿತಿಮತಿಯವನಿಗೆ ಹೇಳಿದೆ:

"ಇನ್ನು ಎಂತ ಕಾಗದ ಮಾರಾಯ? ಕೋವಿ ಪಕ್ಕ ಇಟ್ಟ ಮೇಲೆ ನೀವು ಈ ಮನೆಯವ್ರೇ. ನಮ್ಮಲ್ಲಿ ಇದಕ್ಕಿಂತ ದೊಡ್ಡ ಕಾಗದ ಇಲ್ಲ. ಮೈಸೂರಿನ ಕಾರ್ಡು ಬಿಟ್ಟುಬಿಡು."

ಅವನು ಬಿಟ್ಟ.

ರಿಪೇರಿ ಮುಗಿಸಿ ಊರಿಗೆ ಹೋಗಿದ್ದ ಮೂವರೂ, ಹಣ್ಣು ಕೆಂಪಾಗಿ ಪಿಕಿಂಗ್ ಶುರುವಾಗುವ ಹೊತ್ತಿಗೆ ಒಗೆದ ಬಟ್ಟೆ ಹಾಕಿಕೊಂಡು ಎಸ್ಟೇಟಿಗೆ ಹೋದರು. ಪಲ್ಪರ್ ಇದ್ದ ಜಾಗದಲ್ಲಿ ಹೊಸ ಯಂತ್ರ ನಿಂತಿತ್ತು. ಅದನ್ನು ಮಾರಿದ ಕಂಪನಿಯ ಮೆಕ್ಯಾನಿಕ್ಕು ಅದರ ಜೊತೆಗೇ ಬಂದಿದ್ದ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಇವರನ್ನು ಗೇಟಿನಲ್ಲೇ ತಡೆದು, ಕೆಲಸ ಇಲ್ಲ, ಹೋಗಿ ಎಂದ. ಹಳೆಯ ಪಲ್ಪರನ್ನೂ ಎಂಜಿನ್ನನ್ನೂ ಶ್ರೀಮಂಗಲದ ಒಬ್ಬ ಪ್ಲಾಂಟರು ಕೊಂಡೊಯ್ದಿದ್ದರು.

ನಾನು ಮೊದಲು ಭಾವನ ಹತ್ತಿರ ಹೋಗಲಿಲ್ಲ. ಏನೋ ಎಡವಟ್ಟಾಗಿರಬೇಕು, ಹಣ್ಣು ಜಾಸ್ತಿಯೆಂದು ಅವಸರದಲ್ಲಿ ಯಂತ್ರ ಬದಲಿಸಿರಬೇಕು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಕೊಂಡವರಿಗಾದರೂ ಮೆಕ್ಯಾನಿಕ್ಕು ಬೇಕಾಗಬಹುದೆಂದು ಬಸ್ಸು ಹತ್ತಿ ಶ್ರೀಮಂಗಲಕ್ಕೆ ಹೋದೆ. ಅವರಲ್ಲಿ ಆಗಲೇ ಆಳಿದ್ದ. ಮಾತಿನ ನಡುವೆ ಆ ಪ್ಲಾಂಟರು, "ನಿಮ್ಮ ಭಾವ ಮಾತಿಗೆ ತಪ್ಪುವ ಜನ ಅಲ್ಲ ಬಿಡಿ. ಕಕ್ಕಡದಲ್ಲೇ ವ್ಯಾಪಾರ ಮುಗಿದಿತ್ತು. ರಿಪೇರಿ ಮಾಡಿಸಿಯೇ ಕೊಡ್ತೇನೆ ಅಂದಿದ್ರು, ಹಾಗೇ ಕೊಟ್ರು," ಎಂದರು.

ಕಕ್ಕಡವೆಂದರೆ ಕೈಲ್ ಮುಹೂರ್ತಕ್ಕಿಂತ ಮುಂಚಿನ ಮಳೆಯ ತಿಂಗಳು. ಹಾಗಾದರೆ ಆ ಸ್ಪ್ಯಾನರುಗಳಿಗೆ ಗಂಧ ಹಚ್ಚುವಾಗಲೇ ಭಾವನಿಗೆ ಎಲ್ಲ ಗೊತ್ತಿತ್ತು. ರಿಪೇರಿ ಇನ್ನಷ್ಟು ದಿನದ್ದು ಬಾಕಿ ಇತ್ತು, ಹುಡುಗರು ನಡುವೆ ಬಿಟ್ಟುಹೋಗಬಾರದಿತ್ತು, ಅಷ್ಟೇ. ನಮ್ಮೆಲ್ಲರ ಮೂಗಿಗೆ ದೇವರ ದೀಪದ ಮುಂದೆಯೇ ತುಪ್ಪ ಸವರಿದ್ದರು. ಸಿಕ್ಕ ಮೊದಲ ಬಸ್ಸಿಗೇ ವಾಪಸು ಹೊರಟೆ.

ನೇರ ಭಾವನ ಮನೆಗೆ ಹೋಗಿ ಜಗಲಿಯಲ್ಲೇ ನಿಂತು ಕೇಳಿದೆ. ಅವರು ವೀಳ್ಯ ಮಡಚುತ್ತಿದ್ದರು.

"ಎಂತಕೆ ಅಷ್ಟು ಸಿಟ್ಟು? ಹುಡುಗ್ರು ಕಲಿಯಕೆ ಬಂದೊ, ಕಲ್ತೊ," ಎಂದರು.

"ಕೋವಿ ಪಕ್ಕ ಇಟ್ಟದು ಎಂತಕೆ ಭಾವ?"

"ನಾ ಪೂಜೆ ಮಾಡ್ದು ಆಯುಧಕ್ಕೆ. ಆಳುಗಳಿಗೆ ಅಲ್ಲ."

ಬಾಗಿಲ ಹಿಂದಿನಿಂದ ಅಕ್ಕ ಕೇಳಿಸಿಕೊಳ್ಳುತ್ತಿದ್ದಳು. ಅವಳ ಮುಖ ನೋಡಿ ಜಗಲಿ ಇಳಿದುಬಿಟ್ಟೆ. ಆಮೇಲೆ ಎಷ್ಟೋ ವರ್ಷ ಆ ಮನೆಯ ಮೆಟ್ಟಿಲು ಹತ್ತಲಿಲ್ಲ.

ಉಳಿದ ಇಬ್ಬರಿಗೆ ಅಲ್ಲಿ ಇಲ್ಲಿ ಹೇಳಿ ಹೇಗೋ ದಾರಿ ಮಾಡಿಕೊಟ್ಟೆ. ತಿತಿಮತಿಯವನು ಮಾತ್ರ ಬರಲೇ ಇಲ್ಲ. ಕೊನೆಗೆ ನಾನೇ ಹುಡುಕಿಕೊಂಡು ಹೋದೆ. ಅಪ್ಪ ಮಾಡುತ್ತಿದ್ದ ಕೆಲಸಕ್ಕೇ, ಕಾಡಿನ ಮರ ಹೊರುವುದಕ್ಕೆ, ಅವನೂ ಸೇರಿದ್ದ. ಹೆಗಲ ಮೇಲೆ ಚರ್ಮ ಕಿತ್ತು ಕೆಂಪಗಾಗಿತ್ತು. ಅಂಗಳದಲ್ಲಿ ನಿಂತು ನಾನು ಭಾವನಿಗೆ ಬಾಯಿತುಂಬ ಬೈದೆ. ಮೋಸಗಾರ, ಕಟುಕ, ದೇವರ ದೀಪಕ್ಕೂ ಹೆದರದವನು ಎಂದೆಲ್ಲ. ಅವನು ಪೂರ್ತಿ ಕೇಳಿಸಿಕೊಂಡ.

"ಆ ಧಣಿಯನ್ನ ನಾನು ನಂಬಿದ್ದಲ್ಲ ಮೇಸ್ತ್ರಿ," ಎಂದ. "ಅವರು ಎಂಥವರು ಅಂತ ನಂಗೆ ಹೇಗೆ ಗೊತ್ತು? ನಾನು ಕಾಗದ ಕೇಳಿದ್ದೆ. ಬೇಡ ಅಂದದ್ದು ನೀವು."

ದನಿ ಏರಿಸಿ ಹೇಳಲಿಲ್ಲ. ನಾನು ಭಾವನಿಗೆ ಬೈದ ಮಾತುಗಳಲ್ಲಿ ಒಂದನ್ನಾದರೂ ಅವನು ನನಗೆ ಬೈದಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆ. ಕೆಲಸಕ್ಕೆ ಹೊತ್ತಾಯಿತೆಂದು ಹೇಳಿ, ತಲೆಗೆ ಬಟ್ಟೆ ಸುತ್ತಿಕೊಂಡು, ನನ್ನನ್ನು ದಾಟಿ ನಡೆದುಬಿಟ್ಟ.