ಮೈಕ್ ಮಾವ ಮತ್ತು ಮೂರನೇ ತಿರುವು

ರೇಸ್ ಟ್ರ್ಯಾಕಿನಲ್ಲಿ ಅವರು ಚಿಕ್ಕವರಿಗೂ ದೊಡ್ಡವರಿಗೂ ಮೈಕ್ ಮಾವ. ಚಕ್ರಗಳು ಮೈಯಿಂದ ಹೊರಗೆ ಚಾಚಿಕೊಂಡ, ಒಬ್ಬರೇ ಕೂರುವ ಪುಟ್ಟ ಕಾರುಗಳ ರೇಸ್ ಸರಣಿಗೆ ಮೊದಲಿನಿಂದಲೂ ಅವರದೇ ವೀಕ್ಷಕ ವಿವರಣೆ. ಗೋಪುರದ ಗಾಜಿನ ಕೋಣೆಯಿಂದ ಅವರು ಕೂಗತೊಡಗಿದರೆ ಸುಮ್ಮನೆ ಕೂತವರೂ ಎದ್ದು ನಿಲ್ಲುತ್ತಿದ್ದರು. ತಮಾಷೆಯೆಂದರೆ ಮಾವನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಟ್ರ್ಯಾಕಿಗೆ ಹೆಂಡತಿಯ ಸ್ಕೂಟರಿನ ಹಿಂದೆ ಕೂತು ಬರುತ್ತಿದ್ದರು.

ಆ ವರ್ಷ ಸರಣಿ ಸೊರಗಿತ್ತು. ಹಿಂದೆ ಇಪ್ಪತ್ತಕ್ಕೂ ಹೆಚ್ಚು ಕಾರು ನಿಲ್ಲುತ್ತಿದ್ದ ಸಾಲಿನಲ್ಲಿ ಈಗ ಒಂಬತ್ತೇ. ಕೈ ಪಳಗಿದ ಚಾಲಕರು ಬೇರೆ ಸರಣಿ ಹಿಡಿದಿದ್ದರು. ಉಳಿದವರಲ್ಲಿ ಅಪ್ಪನ ಜೇಬು ನಂಬಿ ಬಂದವರೇ ಹೆಚ್ಚು. ಒಂದು ಮಧ್ಯಾಹ್ನ ಪೀಠೋಪಕರಣ ಅಂಗಡಿಯವರ ಮಗ ಮೂರನೇ ತಿರುವಿನಲ್ಲಿ ಮತ್ತೆ ಗಿರ್ರನೆ ತಿರುಗಿ ಹುಲ್ಲಿಗೆ ನುಗ್ಗಿದಾಗ ಮಾವನ ನಾಲಿಗೆ ಹಿಡಿತ ತಪ್ಪಿತು.

"ಹುಲ್ಲು ಕತ್ತರಿಸೋಕೆ ಬೇರೆ ಮಿಷನ್ ಇದೆಯಪ್ಪಾ, ನೀನ್ಯಾಕೆ ಕಷ್ಟಪಡ್ತೀಯ!"

ನೋಡುಗರೆಲ್ಲ ಬಿದ್ದು ಬಿದ್ದು ನಕ್ಕರು. ಊಟಕ್ಕೆ ಕೂತಾಗ ಹೆಂಡತಿ ಮಾತ್ರ ನಗಲಿಲ್ಲ. "ಅವನ ತಾಯಿ ನನ್ನ ಪಕ್ಕದಲ್ಲೇ ಕೂತಿದ್ರು. ಆಮೇಲೆ ತಲೆ ಎತ್ಲೇ ಇಲ್ಲ ಪಾಪ."

ಮಾವ ಅರ್ಧ ಊಟಕ್ಕೇ ಕೈ ತೊಳೆದು ಎದ್ದರು. ಮರುದಿನ ಗ್ಯಾರೇಜಿಗೆ ಹೋದರೆ, ಆ ಚಾಲಕ ಕಾರಿನ ಜಾಲರಿಯಲ್ಲಿ ಸಿಕ್ಕಿದ್ದ ಹುಲ್ಲು ಕೀಳುತ್ತ ಕೂತಿದ್ದ.

"ಬಾಯಿ ಜಾರ್ತು ಕಣಪ್ಪ, ಬೇಜಾರಾಗ್ಬೇಡ."

"ಸುಳ್ಳೇನ್ ಹೇಳಿದ್ರಿ ಮಾವ? ಮಿಕ್ಕೋರೆಲ್ಲ ಚೆನ್ನಾಗ್ ಓಡಿಸ್ದೆ ಅಂತ ಬೆಣ್ಣೆ ಹಚ್ತಾರೆ. ನಾನೆಲ್ಲಿ ತಪ್ತಿದೀನಿ, ಹೇಳಿ."

"ನಂಗೆ ಸೈಕಲ್ಲೇ ನೆಟ್ಟಗೆ ಬರಲ್ವೋ! ಆದ್ರೆ ಮೇಲಿಂದ ಎಲ್ಲಾ ಕಾಣುತ್ತೆ. ಬಾ, ನೀನೇ ನೋಡು."

ಬೇರೆಯವರು ಅಭ್ಯಾಸ ಮಾಡುವಾಗ ಅವನು ಗೋಪುರದ ಕೋಣೆಯ ಗಾಜಿಗೆ ಮೂಗು ತಾಗಿಸಿ ಆ ತಿರುವನ್ನೇ ನೋಡಿದ. ಆಮೇಲೆ ಹಣೆ ಚಚ್ಚಿಕೊಂಡ. "ಅವ್ರೆಲ್ಲ ಮೊದ್ಲೇ ನಿಧಾನ ಮಾಡ್ಕೊಂಡು ಆಮೇಲೆ ತಿರುಗ್ತಾರೆ. ನಾನು ತಿರುಗ್ತಾ ತಿರುಗ್ತಾ ಬ್ರೇಕ್ ತುಳೀತಿದೀನಿ ಮಾವ!"

ಕಂಡಿದ್ದು ಕಾಲಿಗೆ ಬರಲು ಹೊತ್ತು ಹಿಡಿಯಿತು. ಮತ್ತೆರಡು ಸಲ ಹುಲ್ಲಿಗೆ ಹೋದ. ಮಾವ ಹುಲ್ಲಿನ ಮಾತೆತ್ತದೆ ಮುಂದಿನ ಕಾರಿನ ವಿವರಣೆಗೆ ಹೊರಳಿದರು. ಕೊನೆಯ ರೇಸಿನಲ್ಲಿ ಮಾತ್ರ ಅವನು ಅದೇ ತಿರುವಿನಲ್ಲಿ ಇಬ್ಬರನ್ನು ಹಿಂದೆ ಹಾಕಿ ಆರನೆಯವನಾಗಿ ಗೆರೆ ದಾಟಿದ.

"ಆರನೇ ಸ್ಥಾನ! ಆರನೇ ಸ್ಥಾನ ಕಣ್ರೀ!" ಮಾವನ ಗಂಟಲು ಒಡೆದು ಹೋಯಿತು. ಗೆದ್ದವನು ಹೆಲ್ಮೆಟ್ ತೆಗೆದು ತನ್ನ ಹೆಸರಿಗಾಗಿ ಕಾಯುತ್ತ ನಿಂತಿದ್ದ. ಕೆಳಗಿನಿಂದ ಯಾರೋ ಅವನ ಹೆಸರು ಹೇಳಿ ಎಂದು ಕೈಸನ್ನೆ ಮಾಡಿದರು.

"ಹೌದೂ, ಗೆದ್ದಿದ್ದು ಯಾರು?" ಮೈಕ್ ಆರಿಸುವುದನ್ನು ಮಾವ ಮರೆತಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕವನು ಗೆದ್ದವನೇ.

ಮರುವರ್ಷ ಹನ್ನೆರಡು ಕಾರು ಬಂದವು. ಅದೇನು ಮಹಾ ಅಲ್ಲ. ಆದರೆ ಅಭ್ಯಾಸದ ಹೊತ್ತಿನಲ್ಲಿ ಗೋಪುರದ ಕೋಣೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಚಾಲಕರು ಒಬ್ಬರ ಹೆಗಲ ಮೇಲೊಬ್ಬರು ಬಾಗಿ ತಿರುವು ನೋಡುತ್ತ ವಾದ ಮಾಡುತ್ತಿದ್ದರು. ಮಾವ ಬಾಗಿಲ ಬಳಿ ನಿಂತು, "ಸ್ವಲ್ಪ ಮೆತ್ತಗೆ ಮಾತಾಡ್ರೋ," ಎಂದು ಗದರುತ್ತ ಎಲ್ಲರಿಗೂ ಚಹಾ ಬಗ್ಗಿಸಿ ಕೊಡುತ್ತಿದ್ದರು.